ಶೋಕಮೂಲದ ಭಕ್ತಿ ಮೇಳಗಾನ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆ

ತಂದೆ, ತಾಯಿ, ಗಂಡ, ಹೆಂಡತಿ, ಮಗು, ಗುರು ಹೀಗೆ ತೀರ ಹತ್ತಿರದವರನ್ನು ಕಳೆದುಕೊಂಡವರ ದುಃಖದಿಂದ ಹುಟ್ಟಿ, ದೇವರ ಹೆಸರಿನಲ್ಲಿ ಹಲವರು ಕೂಡಿ ಹಾಡುವ ಹಾಡುಗಳನ್ನು ಶೋಕಮೂಲದ ಭಕ್ತಿ ಮೇಳಗಾನ ಎನ್ನಬಹುದು. ಯುರೋಪಿನ ಚರ್ಚ್ ಸಂಗೀತದಲ್ಲಿ ಇದು ಸ್ವರಲಿಪಿಯಲ್ಲಿ ಬರೆದಿಟ್ಟ, ಕರ್ತೃವಿನ ಹೆಸರುಳ್ಳ, ತರಬೇತಾದ ಗಾಯಕವೃಂದ ಹಾಡುವ ಕೃತಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಅದಕ್ಕೆ ತೀರ ಹತ್ತಿರ ನಿಲ್ಲುವುದು ಸಾವಿನ ಮನೆಯ ಭಜನೆ ಮತ್ತು ಅದರ ಮಗ್ಗುಲಲ್ಲೇ ಕೇಳಿಬರುವ ಹೆಂಗಸರ ಅಳುವಿನ ಹಾಡು. ಮೊದಲನೆಯದು ಹಳೆಯ ಪದಗಳನ್ನು ಹೊಸ ಸಾವಿಗೆ ಒದಗಿಸುತ್ತದೆ. ಎರಡನೆಯದು ಆ ಕ್ಷಣದಲ್ಲೇ ಕಟ್ಟಿದ ಹಾಡು. ಈ ಎರಡನ್ನೂ ಒಟ್ಟಿಗೆ ನೋಡದೆ ಕನ್ನಡದ ಶೋಕಗಾನ ಅರ್ಥವಾಗುವುದಿಲ್ಲ ಎಂಬುದು ಈ ಲೇಖನದ ನಿಲುವು.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಹೊನ್ನಾಳಿಯ ಪಕ್ಕದಲ್ಲಿ ತುಂಗಭದ್ರೆ ಹರಿಯುತ್ತದೆ. ಚನ್ನಗಿರಿಗೆ ಸೂಳೆಕೆರೆಯ, ಅಂದರೆ ಶಾಂತಿಸಾಗರದ, ಆಸರೆ ಇದೆ. ಜಗಳೂರು ಮಳೆ ನೆಚ್ಚಿದ ಬಯಲು. ಭತ್ತ, ಅಡಿಕೆಯ ಊರುಗಳೂ ಜೋಳ, ಶೇಂಗಾದ ಊರುಗಳೂ ಇಲ್ಲಿವೆ. ಲಿಂಗಾಯತ, ನಾಯಕ, ಕುರುಬ, ಲಂಬಾಣಿ, ಗೊಲ್ಲ, ಪರಿಶಿಷ್ಟ ಸಮುದಾಯಗಳು, ಮುಸ್ಲಿಮರು, ಬ್ರಾಹ್ಮಣರು ಎಲ್ಲರೂ ನೆಲೆಸಿರುವ ಸೀಮೆ ಇದು. ಹೀಗಾಗಿ ಶೋಕದ ಹಾಡಿಗೆ ಇಲ್ಲಿ ಹಲವು ದಾರಿಗಳಿವೆ.

ಸಾವಿನ ಮನೆಯ ಭಜನೆ

ಲಿಂಗಾಯತರ ಮನೆಯಲ್ಲಿ ಸಾವಾದರೆ ದೇಹವನ್ನು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹೂವಿನ ಹಾರ ಬೀಳುತ್ತದೆ, ಮುಂದೆ ದೀಪ ಉರಿಯುತ್ತದೆ. ದೂರದೂರಿನ ಮಕ್ಕಳು, ನಂಟರು ಬರುವವರೆಗೆ ಕಾಯಬೇಕು. ಸಾವು ಸಂಜೆ ಆಗಿದ್ದರೆ ಆ ಕಾಯುವಿಕೆ ಇಡೀ ರಾತ್ರಿಯದು. ಅಂಥ ರಾತ್ರಿ ಊರಿನ ಭಜನಾ ಮಂಡಳಿಗೆ ಯಾರೂ ವೀಳ್ಯ ಕೊಟ್ಟು ಕರೆಯಬೇಕಾಗಿಲ್ಲ. ಸುದ್ದಿ ಮುಟ್ಟಿದರೆ ಸಾಕು, ಗುಡಿಯಲ್ಲಿಟ್ಟಿದ್ದ ಹಾರ್ಮೋನಿಯಂ, ತಬಲ, ತಾಳ, ದಮ್ಮಡಿಗಳು ಆ ಮನೆಯ ಅಂಗಳಕ್ಕೆ ಬರುತ್ತವೆ. ಚಾಪೆ ಹಾಸುತ್ತಾರೆ. ಗಣಸ್ತುತಿ, ಗುರುಸ್ತುತಿ ಆದ ಮೇಲೆ ಪದಗಳು ಶುರು.

ಹಾಡುವ ಕ್ರಮ ಸರಳ. ಮುಂದಾಳು ಪಲ್ಲವಿಯನ್ನು ಎತ್ತಿಕೊಡುತ್ತಾನೆ. ಉಳಿದವರು ಅದನ್ನು ಹಿಡಿದು ತಿರುಗಿ ಹಾಡುತ್ತಾರೆ. ನುಡಿಯನ್ನು ಅವನೊಬ್ಬನೇ ಹಾಡಿದಾಗಲೂ ಸೊಲ್ಲಿಗೆ ಎಲ್ಲರೂ ಬಂದು ಕೂಡುತ್ತಾರೆ. ಸತ್ತವನ ಅಣ್ಣನೋ ಮಗನೋ ಅದೇ ಮಂಡಳಿಯವನಾಗಿದ್ದರೆ ಅವನೂ ತಾಳ ಹಿಡಿದು ಕೂರುವುದುಂಟು. ಗಂಟಲು ಬಿಗಿದು ಅವನಿಂದ ನುಡಿ ಮುಂದಕ್ಕೆ ಹೋಗದಿದ್ದಾಗ ಪಕ್ಕದವನು ಎತ್ತಿಕೊಳ್ಳುತ್ತಾನೆ, ಹಾಡು ನಿಲ್ಲುವುದಿಲ್ಲ. ಈ ಒಂದು ಏರ್ಪಾಡಿಗಾಗಿಯೇ ಮೇಳ ಬೇಕು. ಒಬ್ಬನೇ ಹಾಡುವ ಶೋಕಗೀತೆಗೆ ಈ ಬಲವಿಲ್ಲ.

ಪದಗಳ ಭಂಡಾರ ಬಹುಪಾಲು ಕೈವಲ್ಯ ಸಾಹಿತ್ಯದ್ದು ಮತ್ತು ತತ್ವಪದಗಳದ್ದು. ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿ, ಮುಪ್ಪಿನ ಷಡಕ್ಷರಿಯ ಪದಗಳು, ಸರ್ಪಭೂಷಣ ಶಿವಯೋಗಿಗಳ (1795–1839) ಕೈವಲ್ಯ ಕಲ್ಪವಲ್ಲರಿ, ಬಾಲಲೀಲಾ ಮಹಾಂತ ಶಿವಯೋಗಿಗಳ ಕೈವಲ್ಯ ದರ್ಪಣ, ಕಡಕೋಳ ಮಡಿವಾಳಪ್ಪನ ಪದಗಳು, ಶಿಶುನಾಳ ಶರೀಫರ ಪದಗಳು ಇವುಗಳಲ್ಲಿ ಮುಖ್ಯ. ಜೊತೆಗೆ ಬಸವಣ್ಣ, ಅಕ್ಕಮಹಾದೇವಿಯವರ ವಚನಗಳು, ಪುರಂದರ, ಕನಕರ ಕೀರ್ತನೆಗಳು. ಇವುಗಳಲ್ಲಿ ಹೆಚ್ಚಿನವು ಸಾವಿನ ಸಂದರ್ಭಕ್ಕೆಂದು ಬರೆದವಲ್ಲ. ಶರೀರ ನಿಲ್ಲುವುದಲ್ಲ, ಬಂದವರು ಹೋಗಲೇಬೇಕು, ಗುರುವಿನ ಪಾದ ಹಿಡಿ ಎಂದು ಬದುಕಿದ್ದವರಿಗೆ ಹೇಳುವ ಪದಗಳು ಅವು. ಗುಡಿಯ ಕಟ್ಟೆಯಲ್ಲಿ ಶ್ರಾವಣದ ಸೋಮವಾರ ಹಾಡಿದಾಗ ತತ್ವವಾಗಿ ಕೇಳುವ ಪದವೇ ಹೆಣದ ಮುಂದೆ ಹಾಡಿದಾಗ ಆ ಮನೆಯವರ ಸ್ವಂತದ ಮಾತಾಗಿಬಿಡುತ್ತದೆ.

ಮಟ್ಟುಗಳಲ್ಲಿ ಎರಡು ಪದರಗಳಿವೆ. ಏಕತಾರಿ, ದಮ್ಮಡಿಯ ಕಾಲದ ಹಳೆಯ ಜಾನಪದ ಮಟ್ಟುಗಳು ಒಂದು. ಹಾರ್ಮೋನಿಯಂ ಜೊತೆ ಬಂದ ಕಂಪನಿ ನಾಟಕದ ಮಟ್ಟುಗಳು ಇನ್ನೊಂದು. ದಾವಣಗೆರೆ ವೃತ್ತಿ ರಂಗಭೂಮಿಯ ದೊಡ್ಡ ಕೇಂದ್ರ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ನಾಟಕದ ಕ್ಯಾಂಪ್ ನೋಡಿ ಬಂದ ಹಳ್ಳಿಯ ಪೇಟಿ ಮಾಸ್ತರರು ಭೈರವಿ, ಪೀಲೂ, ಜೋಗಿಯಾಗಳ ನೆರಳಿರುವ ಮಟ್ಟುಗಳನ್ನು ತತ್ವಪದಕ್ಕೆ ಕೂರಿಸಿದರು. ಬೆಳಕು ಹರಿಯುವ ಹೊತ್ತಿಗೆ ಭೈರವಿಯ ಮಟ್ಟಿನಲ್ಲಿ ಮಂಗಳಾರತಿ ಪದ ಹೇಳುವ ರೂಢಿ ಹಲವೆಡೆ ಇದೆ. ತಾಳ ಸಾಮಾನ್ಯವಾಗಿ ದಾದರಾ ಅಥವಾ ಕೆರವಾ. ಸಾವಿನ ಮನೆಯೆಂದು ಲಯವನ್ನು ನಿಧಾನ ಮಾಡುವುದಿಲ್ಲ. ನಡುರಾತ್ರಿ ದಾಟಿದ ಮೇಲೆ ಲಯ ಏರುತ್ತದೆ. ನಿದ್ದೆ ಬಾರದಿರಲಿ ಎಂಬುದು ಒಂದು ಕಾರಣ. ಶರಣರಿಗೆ ಸಾವು ಐಕ್ಯದ ಹೊತ್ತು, ಅಳುವ ಹೊತ್ತಲ್ಲ ಎಂಬ ನಂಬಿಕೆ ಇನ್ನೊಂದು.

ಮಣ್ಣು ಮಾಡಲು ಹೊರಡುವಾಗ ಅಲಂಕರಿಸಿದ ವಿಮಾನದಲ್ಲಿ ದೇಹವನ್ನು ಕೂರಿಸಿ ಒಯ್ಯುತ್ತಾರೆ. ಭಜನೆಯವರು ಮುಂದೆ ನಡೆಯುತ್ತಾರೆ. ಕ್ರಿಯಾಸಮಾಧಿ ಮುಗಿಯುವಾಗ ಪದ ನಿಲ್ಲುತ್ತದೆ. ಮತ್ತೆ ಹಾಡು ಕೇಳುವುದು ಸಾಮಾನ್ಯವಾಗಿ ಹನ್ನೊಂದನೆಯ ದಿನದ ಹೊತ್ತಿನ ಶಿವಗಣಾರಾಧನೆಯಲ್ಲಿ. ಆ ದಿನಕ್ಕೆಂದು ಪರಿಚಿತ ಪದವೊಂದರ ಮಟ್ಟಿಗೆ ತೀರಿಹೋದವರ ಹೆಸರು, ಗುಣ, ಮನೆತನ ಸೇರಿಸಿ ನಾಲ್ಕು ನುಡಿ ಹೊಂದಿಸುವ ಶಾಲಾ ಮಾಸ್ತರರು, ಹಿರಿಯ ಭಜನೆಕಾರರು ಇದ್ದಾರೆ. ಒಬ್ಬ ವ್ಯಕ್ತಿಯ ಸಾವಿಗಾಗಿ ರಚಿಸಿದ, ಹಲವರು ಹಾಡುವ ಭಕ್ತಿಗಾನ ಎಂಬ ವ್ಯಾಖ್ಯೆಗೆ ಈ ಚರಮಪದಗಳು ಪೂರ್ತಿ ಹೊಂದುತ್ತವೆ. ಆರಾಧನೆ ಮುಗಿದ ಮೇಲೆ ಅವು ನೋಟುಪುಸ್ತಕದ ಹಾಳೆಯಲ್ಲೇ ಉಳಿಯುತ್ತವೆ.

ಮಠಗಳು ಇದೇ ರೂಢಿಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿಕೊಂಡು ಬಂದಿವೆ. ಜಗಳೂರಿಗೆ ಹತ್ತಿರದ ಸಿರಿಗೆರೆಯ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯರು 1992ರ ಸೆಪ್ಟೆಂಬರ್ 24ರಂದು ಲಿಂಗೈಕ್ಯರಾದರು. ಪ್ರತಿವರ್ಷ ಆ ಹೊತ್ತಿಗೆ ಸಿರಿಗೆರೆಯಲ್ಲಿ ನಡೆಯುವ ಶ್ರದ್ಧಾಂಜಲಿಗೆ ಈ ತಾಲ್ಲೂಕುಗಳ ಭಕ್ತರು ಹೋಗುತ್ತಾರೆ. ಕೂಡಿ ಹಾಡುವ ವಚನಗಳು ಅಲ್ಲಿನ ಕಾರ್ಯಕ್ರಮದಲ್ಲಿ ಇರಲೇಬೇಕಾದ ಭಾಗ.

ಹೆಂಗಸರ ಅಳುವಿನ ಹಾಡು

ಅಂಗಳದಲ್ಲಿ ಗಂಡಸರ ಭಜನೆ ನಡೆಯುತ್ತಿರುವಾಗ ಪಡಸಾಲೆಯಲ್ಲಿ, ದೇಹದ ಸುತ್ತ, ಹೆಂಗಸರು ಕೂತಿರುತ್ತಾರೆ. ಗಂಡನ ಮನೆಯಿಂದ ಮಗಳು ಬಂದಿಳಿಯುತ್ತಾಳೆ. ಓಣಿಯ ತುದಿಯಿಂದಲೇ ಅವಳ ದನಿ ಕೇಳುತ್ತದೆ. ಬಂದು ಕಾಲ ಮೇಲೆ ಬಿದ್ದವಳು ಹಾಡಿಕೊಂಡು ಅಳಲು ತೊಡಗುತ್ತಾಳೆ. ‘ಯಪ್ಪಾ’ ಎಂದು ಕರೆಯುವುದು, ಒಂದು ನೆನಪು ಹೇಳುವುದು, ಮತ್ತೆ ಕರೆಯುವುದು. ಪಂಚಮಿಗೆ ಕರೆಯಲು ಬಂದದ್ದು, ಬಾಣಂತನದಲ್ಲಿ ಹೊತ್ತು ತಂದ ಕೊಬ್ಬರಿ ಬೆಲ್ಲ, ಹೋದ ಸಲ ಬಂದಾಗ ಆಡಿದ ಮಾತು, ಇನ್ನು ತವರಿನಲ್ಲಿ ತನ್ನನ್ನು ಕೇಳುವವರಾರು ಎಂಬ ಪ್ರಶ್ನೆ. ಪ್ರತಿ ಸಾಲೂ ಮೇಲಿನ ಸ್ವರದಲ್ಲಿ ಹುಟ್ಟಿ ಕೆಳಗಿಳಿಯುತ್ತದೆ, ಕೊನೆಯಲ್ಲಿ ಉಸಿರು ಬಿಕ್ಕಾಗುತ್ತದೆ. ಆ ಬಿಕ್ಕಿನ ಜಾಗದಲ್ಲಿ ಅತ್ತೆಯೋ ಚಿಕ್ಕಮ್ಮನೋ ಎತ್ತಿಕೊಂಡು ತನ್ನ ನೆನಪು ಸೇರಿಸುತ್ತಾಳೆ. ಹಳೆಯ ಸಾವುಗಳೂ ಒಳಗೆ ಬರುತ್ತವೆ: ಹತ್ತು ವರ್ಷದ ಹಿಂದೆ ಮಗನನ್ನು ಕಳೆದುಕೊಂಡವಳು ಈ ಹೆಣದ ಮುಂದೆ ಆ ಮಗನನ್ನು ಕರೆಯುತ್ತಾಳೆ. ಯಾರೂ ಅವಳನ್ನು ತಡೆಯುವುದಿಲ್ಲ.

ಇದಕ್ಕೆ ಮಟ್ಟಿದೆ, ಸಾಲಿನ ಅಳತೆಯಿದೆ, ಸಂಬೋಧನೆಯ ಕ್ರಮವಿದೆ, ಮೇಳವಿದೆ. ದೇವರ ಹೆಸರೂ ಇದೆ, ಸ್ತುತಿಗೆಂದೇನಲ್ಲ. ಶಿವ ಏಕೆ ಹೀಗೆ ಮಾಡಿದ ಎಂದು ಜಗಳ ತೆಗೆಯುವುದಕ್ಕೆ. ಆದರೂ ಜಾನಪದ ಸಂಗ್ರಹಕಾರರ ಗಮನ ಸೋಬಾನೆ, ಬೀಸುವ ಪದ, ಕೋಲಾಟದ ಪದಗಳಿಗೆ ಹೋದಷ್ಟು ಈ ಅಳುವಿನ ಹಾಡಿಗೆ ಹೋಗಲಿಲ್ಲ. ಸಾವಿನ ಮನೆಗೆ ಧ್ವನಿಮುದ್ರಣ ಯಂತ್ರ ಹಿಡಿದು ಹೋಗುವುದು ಸಂಕೋಚದ ಕೆಲಸ. ಸಾವಿಲ್ಲದ ದಿನ ಹಾಡಿ ತೋರಿಸಿ ಎಂದರೆ ಅಮಂಗಳವೆಂದು ಯಾರೂ ಒಪ್ಪುವುದಿಲ್ಲ. ಕಾರಣ ನ್ಯಾಯವಾದದ್ದೇ. ಅದರ ಫಲವಾಗಿ, ಸ್ವಂತ ದುಃಖಕ್ಕೆ ಸ್ವಂತ ಮಾತು ಕಟ್ಟಿದ ಹೆಂಗಸರು ಕರ್ತೃಗಳೆಂದು ಎಲ್ಲೂ ಎಣಿಕೆಗೆ ಬರಲಿಲ್ಲ. ಭಜನೆಯ ಹಳೆಯ ಪದ ಬರಹಕ್ಕಿಳಿಯಿತು, ಅದರಲ್ಲಿ ಸತ್ತವರ ಹೆಸರಿಲ್ಲ. ಅಳುವಿನ ಹಾಡಿನಲ್ಲಿ ಹೆಸರಿದೆ, ಅದು ಬರಹಕ್ಕಿಳಿಯಲಿಲ್ಲ.

ಹೆಸರು ಉಳಿದ ಕರ್ತೃಗಳು

ಈ ಎರಡು ಧಾರೆಗಳು ಒಂದೇ ಕೃತಿಯಲ್ಲಿ ಕೂಡಿದ ಉದಾಹರಣೆಗಳು ಕನ್ನಡ ನಾಡಿನಲ್ಲಿ ಕೆಲವೇ ಇವೆ. ಅವುಗಳಲ್ಲಿ ಹಳೆಯದು ಬಸವಣ್ಣನ ಹೆಂಡತಿ ನೀಲಮ್ಮನದು. 12ನೇ ಶತಮಾನದಲ್ಲಿ ಕಲ್ಯಾಣದ ಗಲಭೆಯ ಹೊತ್ತಿಗೆ ಬಸವಣ್ಣ ಕೂಡಲಸಂಗಮಕ್ಕೆ ಹೋಗಿ ಐಕ್ಯನಾದ. ನೀಲಮ್ಮ ಸಂಗಮವನ್ನು ಮುಟ್ಟಲಿಲ್ಲ. ಕೃಷ್ಣೆಯ ದಡದ ತಂಗಡಗಿಯಲ್ಲೇ ಐಕ್ಯಳಾದಳೆಂದು ಶರಣ ಪರಂಪರೆ ಹೇಳುತ್ತದೆ. ‘ಸಂಗಯ್ಯ’ ಅಂಕಿತದ ಅವಳ ವಚನಗಳಲ್ಲಿ ಬಸವನ ಹೆಸರು ಮತ್ತೆ ಮತ್ತೆ ಬರುತ್ತದೆ. ಗಂಡನಿಲ್ಲದ ಬಯಲು ಮತ್ತು ಲಿಂಗದ ಬಯಲು ಎರಡೂ ಒಂದೇ ಆಗಿಬಿಡುವ ಆ ವಚನಗಳಿಗೆ ಸಮನಾದ ಶೋಕದ ಬರಹ ನಮ್ಮಲ್ಲಿ ವಿರಳ. ಇಂದು ಅಕ್ಕನ ಬಳಗಗಳು, ಕದಳಿ ಮಹಿಳಾ ವೇದಿಕೆಯವರು ವಚನಗಳನ್ನು ಮೇಳದಲ್ಲಿ ಹಾಡುವಾಗ ಅಕ್ಕನ ವಚನಗಳಿಗೆ ಸಿಗುವ ಜಾಗ ನೀಲಮ್ಮನಿಗೂ ಸಿಗಬೇಕು.

ಎರಡನೆಯದು ತುಂಗಭದ್ರೆಯ ಕಥೆ. 1671ರ ಶ್ರಾವಣ ಬಹುಳ ಬಿದಿಗೆಯಂದು ರಾಘವೇಂದ್ರ ಸ್ವಾಮಿಗಳು ಮಂತ್ರಾಲಯದಲ್ಲಿ ಬೃಂದಾವನ ಪ್ರವೇಶ ಮಾಡಿದಾಗ ಅವರ ಆಪ್ತಶಿಷ್ಯ, ಬಿಚ್ಚಾಲೆಯ ಅಪ್ಪಣ್ಣಾಚಾರ್ಯರು ಊರಲ್ಲಿರಲಿಲ್ಲ. ಸುದ್ದಿ ಕೇಳಿ ಓಡಿ ಬಂದವರು ತುಂಬಿ ಹರಿಯುತ್ತಿದ್ದ ಹೊಳೆಯನ್ನು ಗುರುಸ್ತೋತ್ರ ಹೇಳುತ್ತಲೇ ದಾಟಿದರು. ತಲುಪುವಷ್ಟರಲ್ಲಿ ಕೊನೆಯ ಶಿಲೆ ಮುಚ್ಚಿತ್ತು. ದುಃಖಕ್ಕೆ ಗಂಟಲು ಕಟ್ಟಿ ಸ್ತೋತ್ರದ ಕೊನೆಯ ಮಾತು ಹೊರಡದಾದಾಗ ಬೃಂದಾವನದ ಒಳಗಿನಿಂದ ಗುರುಗಳ ದನಿಯೇ ಅದನ್ನು ತುಂಬಿಕೊಟ್ಟಿತು ಎಂಬುದು ಮಠದ ಐತಿಹ್ಯ. ಸಂಸ್ಕೃತದ ಆ ರಾಘವೇಂದ್ರ ಸ್ತೋತ್ರವನ್ನು ರಾಯರ ಮಠಗಳಲ್ಲಿ ಭಕ್ತರು ದಿನವೂ ಒಟ್ಟಿಗೆ ಪಠಿಸುತ್ತಾರೆ. ಹೊನ್ನಾಳಿಯಲ್ಲಿ ಅದೇ ಹೊಳೆಯ ದಡದಲ್ಲಿರುವ ರಾಯರ ಮಠವನ್ನು ಭಕ್ತರು ಎರಡನೆಯ ಮಂತ್ರಾಲಯವೆಂದು ಕರೆಯುತ್ತಾರೆ. ಶಿಷ್ಯನ ದನಿ ನಿಂತಲ್ಲಿ ಇನ್ನೊಂದು ದನಿ ಎತ್ತಿಕೊಂಡಿತು ಎನ್ನುವ ಈ ಐತಿಹ್ಯದಲ್ಲಿ ಸಾವಿನ ಮನೆಯ ಭಜನೆಯ ನಿಯಮವೇ ಇದೆ. ಇಂದು ಅದನ್ನು ಪಠಿಸುವ ನೂರಾರು ಜನರಲ್ಲಿ ಯಾರೂ ಅಪ್ಪಣ್ಣಾಚಾರ್ಯರ ದುಃಖವನ್ನು ನೆನೆದು ಪಠಿಸುವುದಿಲ್ಲ. ತಮ್ಮ ತಮ್ಮ ಸಂಕಟಗಳನ್ನು ತಂದಿರುತ್ತಾರೆ. ಶೋಕದಿಂದ ಹುಟ್ಟಿದ ಕೃತಿ ಸಮೂಹದ ಸ್ವತ್ತಾಗುವುದೆಂದರೆ ಇದು.

ಇದೇ ಸೀಮೆಯ ಹಾಡುಗಾರ್ತಿ ಹೆಳವನಕಟ್ಟೆ ಗಿರಿಯಮ್ಮ 18ನೇ ಶತಮಾನದವಳು. ರಾಣೆಬೆನ್ನೂರಿನಲ್ಲಿ ಹುಟ್ಟಿ ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡವಳು. ಮದುವೆಯಾಗಿ ಬಂದದ್ದು ಹೊನ್ನಾಳಿಗೂ ಚನ್ನಗಿರಿಗೂ ಹತ್ತಿರದ ಮಲೇಬೆನ್ನೂರಿಗೆ. ಸಂಸಾರ ಒಗ್ಗದೆ ಹೆಳವನಕಟ್ಟೆಯ ರಂಗನಾಥನ ಗುಡಿಯನ್ನೇ ಮನೆ ಮಾಡಿಕೊಂಡಳು. ಚಂದ್ರಹಾಸನ ಕಥೆ, ಸೀತಾ ಕಲ್ಯಾಣ, ಉದ್ದಾಲಿಕನ ಕಥೆಗಳನ್ನು ಹೆಂಗಸರು ಕೂಡಿ ಹಾಡಲೆಂದೇ ರಚಿಸಿದಳು. ಹೊನ್ನಾಳಿ ಬಳಿಯ ಕಮ್ಮಾರಗಟ್ಟೆಯಲ್ಲಿ ತುಂಗಭದ್ರೆಯಲ್ಲಿ ಐಕ್ಯಳಾದಳೆಂದು ಸಂಪ್ರದಾಯ ಹೇಳುತ್ತದೆ. ಚಂದ್ರಹಾಸ ತಬ್ಬಲಿ ಹುಡುಗ. ತಬ್ಬಲಿಯಾಗಿ ಬೆಳೆದವಳು ಆ ಕಥೆಯನ್ನು ಆಯ್ದುಕೊಂಡದ್ದು ಆಕಸ್ಮಿಕ ಎನಿಸುವುದಿಲ್ಲ. ಅವಳು ಎಲ್ಲೂ ತನ್ನ ಹೆಸರಿನಲ್ಲಿ ಅತ್ತಿಲ್ಲವಾದ್ದರಿಂದ ಅದಕ್ಕಿಂತ ಹೆಚ್ಚು ಹೇಳಲೂ ಬರುವುದಿಲ್ಲ.

ಶಿಶುನಾಳ ಶರೀಫರ (1819–1889) ಹೆಂಡತಿ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡಳು; ಅವರು ಮತ್ತೆ ಮದುವೆಯಾಗಲಿಲ್ಲ. ಅವರ ಇಂತಿಂಥ ಪದ ಆ ಸಾವಿನಿಂದಲೇ ಹುಟ್ಟಿತೆಂದು ಭಜನೆ ಮನೆಗಳಲ್ಲಿ ಕಥೆ ಹೇಳುತ್ತಾರೆ. ಆ ಕಥೆಗಳನ್ನು ಎಚ್ಚರದಿಂದ ಕೇಳಬೇಕು. ಹಾಡಿದವರು ತಮ್ಮ ದುಃಖಕ್ಕೆ ಹೊಂದುವ ಪದಕ್ಕೆ ಕವಿಯ ದುಃಖವನ್ನೂ ಜೋಡಿಸುತ್ತಾರೆ. ವಾದಿರಾಜರ ಲಕ್ಷ್ಮೀಶೋಭಾನೆಗೂ ಇಂಥದೇ ಐತಿಹ್ಯವಿದೆ: ಮದುವೆ ಮನೆಯಲ್ಲಿ ಹಾವು ಕಚ್ಚಿ ಸತ್ತ ವರನಿಗಾಗಿ ಅದು ಹುಟ್ಟಿತಂತೆ. ಇವತ್ತು ಅದು ಹೆಂಗಸರು ಮದುವೆಗಳಲ್ಲಿ ಕೂಡಿ ಹೇಳುವ ಮಂಗಳದ ಹಾಡು.

ತಾಂಡಾ, ಹಟ್ಟಿ, ಅಲಾವಿ ಕುಣಿ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗಳ ಗುರು ಸಂತ ಸೇವಾಲಾಲರು ಹುಟ್ಟಿದ (1739) ಕ್ಷೇತ್ರ. ಫೆಬ್ರವರಿಯ ಜಯಂತಿಗೆ ದೂರದ ರಾಜ್ಯಗಳ ತಾಂಡಾಗಳಿಂದಲೂ ಮಾಲಾಧಾರಿಗಳು ಬರುತ್ತಾರೆ. ನಗಾರಿ ಮತ್ತು ಕಂಚಿನ ತಟ್ಟೆಯ ಲಯಕ್ಕೆ ಗುಂಪಾಗಿ ಭಜನೆ ಹಾಡುತ್ತಾರೆ. ಲಂಬಾಣಿ ಹೆಂಗಸರಿಗೆ ಅಳುವೂ ಒಂದು ಕಲಿತ ವಿದ್ಯೆ. ಮದುಮಗಳು ತವರು ಬಿಡುವಾಗ ಹಾಡುವ ಢಾವಲೋ, ಸಾವಿನಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಅಳುತ್ತಾ ಹಾಡುವುದು, ಎರಡೂ ಒಂದೇ ಬಗೆಯ ಇಳಿಜಾರಿನ ಸ್ವರದಲ್ಲಿ ನಡೆಯುತ್ತವೆ. ಎರಡರಲ್ಲೂ ಮಾತು ಆಗಲೇ ಕಟ್ಟಿದ್ದು.

ಜಗಳೂರಿನ ಕಡೆಯ ಕಾಡುಗೊಲ್ಲರಲ್ಲಿ ಸತ್ತ ವೀರ ದೇವರಾಗುತ್ತಾನೆ. ಅಂಥ ವೀರ ಜುಂಜಪ್ಪನ ಕಥನವನ್ನು ಗಣೆ ಊದುತ್ತಾ ಗಂಡಸರು ಹಾಡುತ್ತಾರೆ. ಹೆಂಗಸರು ತಮ್ಮ ಹಟ್ಟಿಗಳಲ್ಲಿ ವೀರರ ಪದಗಳನ್ನು ಸೊಲ್ಲಿನೊಂದಿಗೆ ಹೇಳುತ್ತಾರೆ. ಒಂದು ಮನೆಯ ನಷ್ಟ ಕುಲದ ಆರಾಧನೆಯಾಗಿ ತಲೆಮಾರುಗಳಿಂದ ಹಾಡಿನಲ್ಲಿ ಉಳಿದಿದೆ. ಮೊಹರಮ್ಮಿನಲ್ಲಿ ಕ್ರಿ.ಶ. 680ರ ಕರ್ಬಲಾದ ಹುಸೇನರ ಸಾವನ್ನು ಹಿಂದೂ ಮುಸ್ಲಿಂ ಭೇದವಿಲ್ಲದೆ ಬೆಂಕಿ ಹಾಕಿದ ಅಲಾವಿ ಕುಣಿಯ ಸುತ್ತ ಕನ್ನಡದಲ್ಲೇ ಹಾಡುವ ರೂಢಿ ಮಧ್ಯ ಮತ್ತು ಉತ್ತರ ಕರ್ನಾಟಕದಲ್ಲಿದೆ. ಶರೀಫರೂ ಅಲಾವಿ ಪದಗಳನ್ನು ರಚಿಸಿದ್ದಾರೆ.

ಕನ್ನಡ ನಾಡಿನಲ್ಲಿ ವ್ಯಕ್ತಿಯ ಸಾವಿಗೇ ಮೀಸಲಾದ ಮೇಳಗಾನವನ್ನು ಕ್ರಮವಾಗಿ ಉಳಿಸಿಕೊಂಡವರು ಕೊಡವರು. ದುಡಿ ಬಾರಿಸುತ್ತಾ ಹಾಡುವ ಚಾವುಪಾಟ್ ಸತ್ತವರ ಬದುಕನ್ನು ಹಾಡಿನಲ್ಲಿ ನಿರೂಪಿಸುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯಲ್ಲಿ ಸಾವಿನ ಹಾಡುಗಳೂ ಸೇರಿವೆ. ದಾವಣಗೆರೆ ಸೀಮೆಗೆ ಒಬ್ಬ ಚಿಣ್ಣಪ್ಪ ಸಿಗಲಿಲ್ಲ.

ಪಶ್ಚಿಮದ ಕೃತಿಗಳು

ಮೊದಲಲ್ಲಿ ಹೇಳಿದ ಯುರೋಪಿನ ಕೃತಿಗಳಿಗೆ ಬರೋಣ. ಜರ್ಮನ್ ಸಂಗೀತಕಾರ ಬ್ರಾಮ್ಸ್‌ನ ತಾಯಿ ತೀರಿಕೊಂಡದ್ದು 1865ರಲ್ಲಿ. ಅವನ ಜರ್ಮನ್ ರೆಕ್ವಿಯಮ್ ಎಂಬ ಮೇಳಕೃತಿಯನ್ನು 1868ರಲ್ಲಿ ಬ್ರೆಮೆನ್ ಕೆಥೆಡ್ರಲಿನಲ್ಲಿ ಹಾಡಲಾಯಿತು. ಚೆಕ್ ಸಂಗೀತಕಾರ ಡ್ವೋರ್ಜಾಕ್ 1875ರಿಂದ 1877ರೊಳಗೆ ಮೂರು ಮಕ್ಕಳನ್ನು ಕಳೆದುಕೊಂಡ. ಮೊದಲ ಮಗುವಿನ ಸಾವಿನ ನಂತರ ಕೈಗೆತ್ತಿಕೊಂಡು ಬದಿಗಿಟ್ಟಿದ್ದ ಸ್ಟಾಬಾಟ್ ಮಾಟರನ್ನು ಉಳಿದಿಬ್ಬರೂ ಹೋದ ಮೇಲೆ ಮುಗಿಸಿದ. ಶಿಲುಬೆಯ ಕೆಳಗೆ ನಿಂತ ತಾಯಿಯ ಶೋಕ ಅದರ ವಸ್ತು. ಇಂಗ್ಲೆಂಡಿನ ಹರ್ಬರ್ಟ್ ಹೊವೆಲ್ಸ್‌ನ ಒಂಬತ್ತು ವರ್ಷದ ಮಗ 1935ರಲ್ಲಿ ಪೋಲಿಯೊದಿಂದ ತೀರಿಕೊಂಡ. ಅವನಿಗಾಗಿ ಬರೆದ ಹಿಮ್ನಸ್ ಪ್ಯಾರಡೈಸಿಯನ್ನು ಹೊವೆಲ್ಸ್ ವರ್ಷಗಟ್ಟಲೆ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ. ಅದು ಹೊರಬಂದದ್ದು 1950ರಲ್ಲಿ, ಗ್ಲಾಸ್ಟರ್‌ನಲ್ಲಿ. ಅಲ್ಲಿ ದುಃಖ ಮೊದಲು ಒಬ್ಬನ ಮೇಜಿನ ಮೇಲೆ ಕಾಯುತ್ತದೆ, ಆಮೇಲೆ ಮೇಳಕ್ಕೆ ಬರುತ್ತದೆ. ನಮ್ಮಲ್ಲಿ ಅದು ಮೊದಲೇ ಮೇಳದಲ್ಲಿರುತ್ತದೆ. ಆದರೆ ಹೊವೆಲ್ಸ್‌ನ ಮಗನ ಹೆಸರು ಇಂದಿಗೂ ಗೊತ್ತಿದೆ. ಹೊನ್ನಾಳಿಯ ಪಡಸಾಲೆಯಲ್ಲಿ ಅಳುತ್ತಾ ಹಾಡಿದವಳ ಮಗನ ಹೆಸರು ಅವಳೊಂದಿಗೇ ಹೋಗುತ್ತದೆ.

ಇಂದಿನ ಸ್ಥಿತಿ

ಶವ ಕೆಡದಂತಿಡುವ ಫ್ರೀಜರ್ ಪೆಟ್ಟಿಗೆಗಳು ಬಂದ ಮೇಲೆ ಬೆಂಗಳೂರಿನಿಂದಲೋ ವಿದೇಶದಿಂದಲೋ ಬರುವ ಮಕ್ಕಳಿಗಾಗಿ ಕಾಯುವ ಹೊತ್ತು ಹೆಚ್ಚಿದೆ. ಅಷ್ಟು ಹೊತ್ತು ಹಾಡುವ ಭಜನೆಯವರು ಕಡಿಮೆಯಾಗಿದ್ದಾರೆ. ಕೆಲವೆಡೆ ಸಂಭಾವನೆ ಗೊತ್ತುಮಾಡಿ ಬೇರೆ ಊರಿನ ಮಂಡಳಿ ಕರೆಸುತ್ತಾರೆ. ಕೆಲವೆಡೆ ಮೊಬೈಲಿನ ಪದ ಧ್ವನಿವರ್ಧಕದಲ್ಲಿ ಓಡುತ್ತದೆ. ಅದಕ್ಕೆ ಗಂಟಲು ಕಟ್ಟುವುದಿಲ್ಲ, ಯಾರೂ ಎತ್ತಿಕೊಳ್ಳಬೇಕಾಗಿಯೂ ಇಲ್ಲ. 2020ರ ಕೋವಿಡ್ ನಿರ್ಬಂಧದಲ್ಲಿ ಅಂತ್ಯಸಂಸ್ಕಾರಕ್ಕೆ 20 ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಸೋಂಕಿನಿಂದ ತೀರಿಕೊಂಡವರನ್ನು ಮನೆಗೇ ತರುವಂತಿರಲಿಲ್ಲ. ಭಜನೆಯಿಲ್ಲದೆ ಮಣ್ಣಿಗೆ ಕಳಿಸಿದ ನೋವನ್ನು ಹಳ್ಳಿಗಳ ಜನ ಇನ್ನೂ ಆಡಿಕೊಳ್ಳುತ್ತಾರೆ. ಒಳ್ಳೆಯ ಬದಲಾವಣೆಯೂ ಇದೆ: ಮಹಿಳಾ ಭಜನಾ ಮಂಡಳಿಗಳು ಹೆಚ್ಚಿವೆ, ಹಿಂದೆ ಪಡಸಾಲೆಯಲ್ಲಿದ್ದ ದನಿ ಅಂಗಳಕ್ಕೂ ಬಂದಿದೆ.

ತತ್ವಪದಗಳ ಸಂಪುಟಗಳು ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರದಂಥ ಸಂಸ್ಥೆಗಳಿಂದ ಅಚ್ಚಾಗಿವೆ. ಚರಮಪದಗಳಿಗೂ ಅಳುವಿನ ಹಾಡಿಗೂ ಆ ಭಾಗ್ಯ ಬಂದಿಲ್ಲ. ಈ ನಾಲ್ಕು ತಾಲ್ಲೂಕಿನ ಭಜನೆಕಾರರ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಕೈಬರಹದ ಪದದ ಪುಸ್ತಕಗಳಿವೆ. ಯಾರ ಸಾವಿಗೆ ಯಾವ ನುಡಿ ಹೊಂದಿಸಿದ್ದು ಎಂದು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಅಂಥ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ರದ್ದಿಗೆ ಹಾಕಬೇಡಿ. ಅದರ ಪ್ರತಿ ಹಾಳೆಯ ಫೋಟೊ ತೆಗೆದಿಡಿ, ಪಕ್ಕದಲ್ಲಿ ಬರೆದವರ ಹೆಸರು, ಊರು, ವರ್ಷ ಗುರುತು ಮಾಡಿ. ಮನೆಯ ಹಿರಿಯ ಹೆಂಗಸರು ಒಪ್ಪಿದರೆ ಅವರು ತಮ್ಮ ತಾಯಿಗೆ ಏನೆಂದು ಅತ್ತಿದ್ದರೆಂಬುದನ್ನೂ ಕೇಳಿ ಬರೆದುಕೊಳ್ಳಿ.